ಹಳೇ ಡ್ಯುಯಲ್ ಕೋರ್ ಪಿಸಿಗೆ ಲಿನಕ್ಸ್ ಹಾಕಿ ಕೊಂಬುಚಾ ಜಾರಿನ ಉಷ್ಣತೆ ಬರ್ಕೊಳ್ಳೋದು ಹೆಂಗ?

ಸ್ಟೇಷನ್_ರೋಡ್_ಕಲಬುರಗಿ:

ಎಲ್ಲರಿಗೂ ನಮಸ್ಕಾರ್ರಿ. ಮನ್ಯಾಗ ಒಂದು ಹಳೇ ಡೆಸ್ಕ್‌ಟಾಪ್ ಅದ. ಪೆಂಟಿಯಂ ಡ್ಯುಯಲ್ ಕೋರ್ ಇ5700, ಜಿ31 ಚಿಪ್‌ಸೆಟ್ ಬೋರ್ಡ್, 2 ಜಿಬಿ ಡಿಡಿಆರ್2 ರ್‍ಯಾಮ್, 320 ಜಿಬಿ ಹಾರ್ಡ್ ಡಿಸ್ಕ್, 32 ಬಿಟ್ ವಿಂಡೋಸ್ 7. ಪ್ಲಗ್ ತೆಗೆದು ಹಾಕಿದ್ರ ತಾರೀಖು 2010ಕ್ಕ ಹೋಗ್ತದ, ಬ್ರೌಸರ್‌ನ್ಯಾಗ ಒಂದು ಸೈಟೂ ತೆರೀವಲ್ದು.

ಇದಕ್ಕ ಲಿನಕ್ಸ್ ಹಾಕಿ ಕನ್ನಡ ಟೈಪಿಂಗ್ ಮಾಡ್ಬೇಕು, ಜೊತಿಗೆ 4 ಲೀಟರ್ ಕೊಂಬುಚಾ (ಸಕ್ಕರಿ ಹಾಕಿ ಹುಳಿ ಬರಿಸಿದ ಚಹಾ) ಜಾರಿನ ಉಷ್ಣತೆ ತಾನೇ ಬರ್ಕೊಳ್ಳಂಗ ಮಾಡ್ಬೇಕು. ಚಳಿಗಾಲದಾಗ ಚಂದ ಬರ್ತದ, ಏಪ್ರಿಲ್-ಮೇದಾಗ ನಾಲ್ಕನೇ ದಿನಕ್ಕೇ ವಿನೆಗರ್ ಆಗಿ ಬಿಡ್ತದ. ಯಾವ ಲಿನಕ್ಸ್, ಯಾವ ಸೆನ್ಸರ್? ಬ್ಯಾಸಿಗ್ಯಾಗ ಜಾರು ತಣ್ಣಗ ಇಡೋದು ಹೆಂಗ? ತಿಳಿದವರು ಬಿಡಿಸಿ ಹೇಳ್ರಿ.

ಬೀದರ_ಕರೇಜ್:

ತಾರೀಖಿನಿಂದ ಸುರು ಮಾಡ್ರಿ. ಬೋರ್ಡ್ ಮ್ಯಾಲಿನ ಸಿಆರ್2032 ಬಟನ್ ಸೆಲ್ ಸತ್ತದ. ಪ್ರತಿ ಸೈಟಿನ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದ ತನಕ ಅಂತ ಅವಧಿ ಇರ್ತದ. ಪಿಸಿ 2010ರಾಗ ನಿಂತಿದ್ರ ಆ ಅವಧಿ ಇನ್ನೂ ಸುರುನೇ ಆಗಿಲ್ಲ ಅಂತ ತಿಳಿದು ಬ್ರೌಸರ್ ಸೈಟ್ ತೆರಿಯೋದಿಲ್ಲ. ಸೆಲ್ ಬದಲಿಸಿ ಬಯೋಸ್‌ನ್ಯಾಗ ತಾರೀಖು ಸರಿ ಮಾಡ್ರಿ. ಗಡಿಯಾರ ತಪ್ಪಿದ್ರ ನಿಮ್ಮ ಉಷ್ಣತೆ ದಾಖಲೆನೂ ಕೆಲಸಕ್ಕ ಬರಂಗಿಲ್ಲ.

ವಿಂಡೋಸ್ 32 ಬಿಟ್ ಇದ್ರೂ ಇ5700 ಪ್ರೊಸೆಸರ್ 64 ಬಿಟ್ಟಿಂದು. ಅದಕ್ಕ 64 ಬಿಟ್ ಲಿನಕ್ಸೇ ಹಾಕ್ರಿ. ಡೆಬಿಯನ್ ಅನ್ನೋ ಲಿನಕ್ಸಿನ 13ನೇ ಆವೃತ್ತಿಯಿಂದ 32 ಬಿಟ್ ಇನ್‌ಸ್ಟಾಲರ್ ನಿಂತೇ ಹೋಗ್ಯಾದ.

ರ್‍ಯಾಮ್ 4 ಜಿಬಿ ಮಾಡ್ರಿ, ಜಿ31 ಅದಕ್ಕಿಂತ ಹೆಚ್ಚು ತಗೊಳ್ಳಂಗಿಲ್ಲ. 2 ಜಿಬಿದು ಎರಡು ಡಿಡಿಆರ್2-800 ಕಡ್ಡಿ ಹಾಕ್ರಿ. ಸೋವಿ ಸಿಕ್ತದಂತ 4 ಜಿಬಿ ಒಂದೇ ಕಡ್ಡಿ ತರಬ್ಯಾಡ್ರಿ. ಡಿಡಿಆರ್2ನ್ಯಾಗ ಆ ಅಳತಿದು ಬಹಳಷ್ಟು ಎಎಂಡಿ ಬೋರ್ಡಿಗೆ ಮಾತ್ರ ನಡೀತಾವ, ಇಂಟೆಲ್ ಬೋರ್ಡಿಗೆ ಹಾಕಿದ್ರ ಸ್ಕ್ರೀನೇ ಬರಂಗಿಲ್ಲ. ಹಾರ್ಡ್ ಡಿಸ್ಕ್ ಬದಲಿ ಒಂದು 120 ಅಥವಾ 240 ಜಿಬಿ ಸಾಟಾ ಎಸ್‌ಎಸ್‌ಡಿ ಹಾಕಿದ್ರ ಕಣ್ಣಿಗೆ ಕಾಣೋ ಫರಕು ಎಲ್ಲಾದಕ್ಕಿಂತ ಹೆಚ್ಚು ಅದ್ರಿಂದೇ. ಹಳೇ ಡಿಸ್ಕ್ ತೆಗೆದಿಡ್ರಿ, ನಿಮ್ಮ ಕಡತ ಎಲ್ಲಾ ಅದರಾಗ ಹಂಗೇ ಉಳೀತಾವ.

4 ಜಿಬಿ ಆದ್ರ ಡೆಬಿಯನ್ 13, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. 2 ಜಿಬಿಯಲ್ಲೇ ನಡೆಸ್ಬೇಕಂದ್ರ ಆಂಟಿಎಕ್ಸ್ ಅನ್ನೋ ಹಗುರ ಲಿನಕ್ಸ್ ಹಾಕ್ರಿ. ಎರಡರಾಗೂ ಜೀರ್‍ಯಾಮ್ ಟೂಲ್ಸ್ ಪ್ಯಾಕೇಜ್ ಹಾಕಿ ಪ್ರಮಾಣ 50 ಅಂತ ಕೊಡ್ರಿ. ಅರ್ಧ ರ್‍ಯಾಮಿನಷ್ಟು ಅಳತಿದು ಕುಗ್ಗಿಸಿದ ಸ್ವಾಪ್ (ಮೆಮೊರಿ ತುಂಬಿದಾಗ ಬಳಸೋ ಹೆಚ್ಚಿನ ಜಾಗ) ಆಗಿ ಕೆಲಸ ಮಾಡ್ತದ, ನಾಲ್ಕೈದು ಟ್ಯಾಬ್ ತೆರೆದ್ರೂ ಪಿಸಿ ಹಿಡಿದು ನಿಲ್ಲಂಗಿಲ್ಲ.

ಪೆನ್‌ಡ್ರೈವ್ ಮಾಡೋದು ನಿಮ್ಮ ವಿಂಡೋಸ್ 7ರಾಗೇ ಆದ್ರ ಪೆನ್‌ಡ್ರೈವಿಗೆ ಲಿನಕ್ಸ್ ಬರೆಯೋ ರುಫಸ್ ಪ್ರೋಗ್ರಾಮಿನ 3.22 ಹುಡುಕ್ರಿ. 4ನೇ ಆವೃತ್ತಿಯಿಂದ ರುಫಸ್ ವಿಂಡೋಸ್ 7ರಾಗ ನಡಿಯಂಗಿಲ್ಲ. ಬರೆಯೋವಾಗ ಐಎಸ್‌ಒ ಮೋಡೋ ಡಿಡಿ ಮೋಡೋ ಅಂತ ಕೇಳ್ತದ, ಡಿಡಿ ಆರಿಸ್ರಿ. ಇಂಥ ಬೋರ್ಡಿಗೆ ಅದೇ ಒಗ್ತದ. ಪೆನ್‌ಡ್ರೈವ್‌ನಿಂದ ಬೂಟ್ ಆಗಲಿಲ್ಲಂದ್ರ ಬಯೋಸ್‌ನ ಹಾರ್ಡ್ ಡಿಸ್ಕ್ ಪಟ್ಟಿ ನೋಡ್ರಿ. ಈ ಕಾಲದ ಬಹಳ ಬೋರ್ಡ್ ಪೆನ್‌ಡ್ರೈವನ್ನೂ ಅಲ್ಲೇ ಎರಡನೇ ಸಾಲಿನ್ಯಾಗ ಅಡಗಿಸಿ ಇಟ್ಟಿರ್ತಾವ, ಅದನ್ನ ಮೊದಲನೇದು ಮಾಡ್ಬೇಕು.

ಇನ್‌ಸ್ಟಾಲ್ ಮಾಡೋವಾಗ ಎರಡು ಕಡೆ ಎಚ್ಚರ. ರೂಟ್ ಪಾಸ್‌ವರ್ಡ್ ಕೇಳಿದಲ್ಲಿ ಖಾಲಿ ಬಿಟ್ಟು ಮುಂದ ಹೋಗ್ರಿ, ಆಗ ನಿಮ್ಮ ಸ್ವಂತ ಖಾತೆಗೇ ಸುಡೊ (ಆಡಳಿತದ) ಅಧಿಕಾರ ಸಿಗ್ತದ. ಕೊನೀಗೆ ಲಿನಕ್ಸ್ ಸುರು ಮಾಡೋ ಗ್ರಬ್ ಎಲ್ಲಿ ಹಾಕ್ಲಿ ಅಂತ ಕೇಳ್ತದ. ಹಳೇ ಬೋರ್ಡಿನ್ಯಾಗ ಕೆಲವು ಸಲ ಪೆನ್‌ಡ್ರೈವೇ ಮೊದಲನೇ ಡಿಸ್ಕ್ ಆಗಿರ್ತದ. ಹೆಸರು, ಜಿಬಿ ಓದಿ ಎಸ್‌ಎಸ್‌ಡಿನೇ ಆರಿಸ್ರಿ. ತಪ್ಪಿದ್ರ ಪೆನ್‌ಡ್ರೈವ್ ತೆಗೆದ ಮ್ಯಾಲೆ ಪಿಸಿ ಬೂಟ್ ಆಗಂಗಿಲ್ಲ.

ಕನ್ನಡಕ್ಕ ಐಬಸ್-ಎಂ17ಎನ್ ಅನ್ನೋ ಟೈಪಿಂಗ್ ಪ್ಯಾಕೇಜ್ ಹಾಕಿ ಕೆಜಿಪಿ ವಿನ್ಯಾಸ ಆರಿಸ್ರಿ, ನುಡಿ ಕೀಲಿಮಣೆ ಕೈಗೆ ಕೂತವರಿಗೆ ಹೊಸದಾಗಿ ಕಲಿಯೋದು ಏನೂ ಇಲ್ಲ. ಹಳೇ ನುಡಿ ಕಡತ ತೆರೆದಾಗ ಅಡ್ಡಾದಿಡ್ಡಿ ಅಕ್ಷರ ಕಂಡ್ರ ಕಡತ ಕೆಟ್ಟಿಲ್ಲ, ಅದು ಯೂನಿಕೋಡ್ ಅಲ್ಲ ಅಷ್ಟೇ. ಪರಿವರ್ತಕದಾಗ ಹಾಯಿಸ್ರಿ.

ಫರಸಿ_ಕಲ್ಲು:

ಸೆನ್ಸರ್ ಡಿಎಸ್18ಬಿ20 ತಗೊಳ್ರಿ, ಉದ್ದ ವೈರಿನ ಸ್ಟೀಲ್ ಕೊಳವಿದು. ಅರ್ಧ ಡಿಗ್ರಿ ಆಚೀಚೆ ತೋರಿಸ್ತದ, ಈ ಕೆಲಸಕ್ಕ ಸಾಕು. ಜೊತಿಗೆ ಆರ್ಡುಯಿನೊ ನ್ಯಾನೊ (ಪ್ರೋಗ್ರಾಮ್ ಹಾಕಬಹುದಾದ ಸಣ್ಣ ಬೋರ್ಡ್) ಒಂದು, 4.7 ಕಿಲೋಓಮ್ ರೆಸಿಸ್ಟರ್ ಒಂದು. ಸಾಮಾನ್ಯವಾಗಿ ಕೆಂಪು ವೈರ್ 5 ವೋಲ್ಟಿಗೆ, ಕರೀದು ಗ್ರೌಂಡಿಗೆ, ಹಳದಿ ಡಿ2 ಪಿನ್ನಿಗೆ. ರೆಸಿಸ್ಟರ್ ಕೆಂಪು-ಹಳದಿ ನಡುವ. ರೆಸಿಸ್ಟರ್ ಬಿಟ್ರ ಅಥವಾ ವೈರ್ ಸಡಿಲಾದ್ರ −127 ಅಂತ ಬರ್ತದ. 85 ಅಂತ ಬಂದ್ರ ಸೆನ್ಸರ್ ಆಗಷ್ಟೇ ಎದ್ದದ, ಇನ್ನೂ ಅಳದಿಲ್ಲ ಅಂತ ಅರ್ಥ. ಈ ಎರಡು ಅಂಕಿ ಪ್ರೋಗ್ರಾಮಿನ್ಯಾಗೇ ತೆಗೆದು ಹಾಕ್ರಿ.

ಸೆನ್ಸರ್ ಜಾರಿನ ಒಳಗ ಇಳಿಸಬ್ಯಾಡ್ರಿ. ಕೊಂಬುಚಾದ ಪಿಎಚ್ (ಹುಳಿಯ ಅಳತಿ, ಕಡಿಮಿ ಆದಷ್ಟೂ ಹುಳಿ ಹೆಚ್ಚು) 3ರ ಹತ್ತಿರ ಇರ್ತದ, ಸೋವಿ ಕೊಳವಿ ಎಂಥ ಸ್ಟೀಲು ಅಂತ ಯಾರಿಗೂ ಗ್ಯಾರಂಟಿ ಇಲ್ಲ. ಜಾರಿನ ಹೊರಗ, ದ್ರವದ ಅರ್ಧ ಎತ್ತರಕ್ಕ ಟೇಪ್ ಹಚ್ಚಿ ಮ್ಯಾಲೆ ಅಂಗೈಯಷ್ಟು ಥರ್ಮೋಕೋಲ್ ತುಂಡು ಕಟ್ರಿ. ಆ ತುಂಡು ಇಲ್ಲದಿದ್ರ ಅದು ಅಳೆಯೋದು ಕೋಣೆ ಗಾಳಿ, ಜಾರಲ್ಲ.

ನ್ಯಾನೊ ನಕಲುಗಳಲ್ಲಿ ಸಿಎಚ್340 ಚಿಪ್ ಇರ್ತದ. ಲಿನಕ್ಸ್‌ನ್ಯಾಗ ಡ್ರೈವರ್ ಬೇಕಿಲ್ಲ, ಆದ್ರ ನಿಮ್ಮ ಖಾತೆಯನ್ನ ಡಯಲ್‌ಔಟ್ ಗುಂಪಿಗೆ ಸೇರಿಸಿ ಒಂದ್ಸಲ ಲಾಗ್ಔಟ್ ಆಗ್ಬೇಕು. ಪೋರ್ಟ್ ಬಂದು ಕೂಡಲೇ ಮಾಯ ಆದ್ರ ಬಿಆರ್‌ಎಲ್‌ಟಿಟಿವೈ ಅನ್ನೋ ಬ್ರೈಲ್ ಪ್ಯಾಕೇಜ್ ಆ ಚಿಪ್ಪನ್ನ ತನ್ನದು ಅಂತ ಹಿಡಿದಿರ್ತದ. ಮನ್ಯಾಗ ಬ್ರೈಲ್ ಪರದೆ ಬಳಸೋರು ಇಲ್ಲಂದ್ರ ಅದನ್ನ ತೆಗೀರಿ. ಪ್ರೋಗ್ರಾಮ್ ಏರದಿದ್ರ ಆರ್ಡುಯಿನೊ ಐಡಿಇಯ (ಪ್ರೋಗ್ರಾಮ್ ಬರೆದು ಏರಿಸೋ ತಂತ್ರಾಂಶ) ಪ್ರೊಸೆಸರ್ ಪಟ್ಟಿಯಲ್ಲಿ ಹಳೇ ಬೂಟ್‌ಲೋಡರ್ ಆರಿಸ್ರಿ.

ಇನ್ನೊಂದು ಮುಖ್ಯ ಮಾತು. ಬರೀ ಉಷ್ಣತೆ ಬರ್ಕೊಳ್ಳಾಕ ಈ ಪಿಸಿ ದಿನಪೂರ್ತಿ ಹಚ್ಚಿ ಇಡಬ್ಯಾಡ್ರಿ. 70 ವ್ಯಾಟ್ ಅಂತ ಹಿಡಿದ್ರ ದಿನಕ್ಕ 1.68 ಯೂನಿಟ್, ತಿಂಗಳಿಗೆ 50 ಯೂನಿಟ್ ಜೆಸ್ಕಾಂ ಬಿಲ್ಲಿಗೆ ಕೂಡ್ತದ. ಮ್ಯಾಲೆ ಪಿಸಿಯ ಬಿಸಿನೂ ಅದೇ ಕೋಣ್ಯಾಗ. ನ್ಯಾನೊ ಒಂದೇ ಸಾಕು. ಅದರ ಇಇಪ್ರಾಮ್ (ಕರೆಂಟ್ ಹೋದ್ರೂ ಅಳಿಯದ ಮೆಮೊರಿ) 1024 ಬೈಟ್. ಹತ್ತು ನಿಮಿಷಕ್ಕೊಂದು ಅಳತಿ ಅಂದ್ರ ದಿನಕ್ಕ 144, ಏಳು ದಿನಕ್ಕ 1008. ಒಂದು ಅಳತಿ ಒಂದೇ ಬೈಟಿನ್ಯಾಗ ಕೂಡಿಸ್ರಿ: ಉಷ್ಣತೆಯಿಂದ 10 ಕಳೆದು 4ರಿಂದ ಗುಣಿಸ್ರಿ. 31.5 ಡಿಗ್ರಿ ಇದ್ರ 86 ಆಗ್ತದ. ಕಾಲು ಡಿಗ್ರಿ ಸೂಕ್ಷ್ಮ ಸಿಗ್ತದ, 73 ಡಿಗ್ರಿ ತನಕ ಜಾಗ ಅದ. ಹೊಸ ಜಾರು ಇಡೋವಾಗ ಎಲ್ಲಾ ಬೈಟಿಗೂ 255 ತುಂಬಿಸ್ರಿ. ಕರೆಂಟ್ ಹೋಗಿ ಬಂದ್ರ ಪ್ರೋಗ್ರಾಮ್ ಮೊದಲನೇ 255 ಎಲ್ಲದ ಅಂತ ಹುಡುಕಿ ಅಲ್ಲಿಂದ ಮುಂದ ಬರೀಲಿ. ವಾರಕ್ಕೊಮ್ಮೆ ಪಿಸಿಗೆ ಹಚ್ಚಿ, ಬೈಟ್‌ಗಳನ್ನ ಸಿಎಸ್‌ವಿ ಮಾಡಿ, ಲಿಬ್ರೆಆಫೀಸ್ ಕ್ಯಾಲ್ಕಿನ್ಯಾಗ ಗೆರೆ ತೆಗೀರಿ.

ಪವರ್ ಬ್ಯಾಂಕಿಗೆ ಹಚ್ಚಬ್ಯಾಡ್ರಿ. ನ್ಯಾನೊ ಎಳೆಯೋ ಕರೆಂಟ್ ಬಹಳ ಕಡಿಮಿ, ಏನೂ ಹಚ್ಚಿಲ್ಲ ಅಂತ ತಿಳಿದು ಎಷ್ಟೋ ಪವರ್ ಬ್ಯಾಂಕ್ ತಾವೇ ಆಫ್ ಆಗ್ತಾವ. ವೈಫೈ ರೌಟರಿಗೆ ಇಡೋ 12 ವೋಲ್ಟಿನ ಸಣ್ಣ ಯುಪಿಎಸ್ ಇದ್ರ ಅದರಿಂದ ನ್ಯಾನೊದ ವಿಐಎನ್ ಪಿನ್ನಿಗೆ ಕೊಡ್ರಿ.

ಸುರಪುರ_ಚಹಾ:

ಪಿಸಿ, ಸೆನ್ಸರ್ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಜಾರಿನ ಬಗ್ಗೆ ಬರೆಯುತ್ತೇನೆ.

4 ಲೀಟರಿಗೆ ಅಳತೆ: ಸಾದಾ ಚಹಾ ಪುಡಿ 24 ಗ್ರಾಂ, ಸಕ್ಕರೆ 280 ಗ್ರಾಂ, ಹಿಂದಿನ ಜಾರಿನ ಹುಳಿ ದ್ರವ 500 ಮಿಲಿ, ಉಳಿದದ್ದು ನೀರು. ಮಸಾಲೆ ಚಹಾ ಪುಡಿ ಬೇಡ, ಅದರ ಎಣ್ಣೆಯಂಶ ಸ್ಕೋಬಿಗೆ (ಚಹಾ ಹುಳಿಸುವ ಯೀಸ್ಟ್, ಬ್ಯಾಕ್ಟೀರಿಯಾಗಳ ಪದರ) ಒಳ್ಳೆಯದಲ್ಲ. ಚಹಾ ಪೂರ್ತಿ ಆರಿ 30 ಡಿಗ್ರಿಗಿಂತ ಕೆಳಗೆ ಬಂದ ಮೇಲೆಯೇ ಸ್ಕೋಬಿ ಹಾಕಿ. ಕಲಬುರಗಿ, ಶಹಾಬಾದ್ ಕಡೆ ನೆಲದಡಿ ಸುಣ್ಣದ ಕಲ್ಲು, ಹಾಗಾಗಿ ಬೋರ್ ನೀರು ಗಡಸು. ಆ ನೀರಿನ ಸುಣ್ಣದ ಅಂಶ ಹುಳಿಯನ್ನು ಹೀರಿಕೊಂಡು ಪಿಎಚ್ ಇಳಿಯುವುದನ್ನು ತಡ ಮಾಡುತ್ತದೆ. ಫಿಲ್ಟರ್ ನೀರು ಬಳಸಿ. ಸ್ಕೋಬಿ ಹಾಕಿದ ಕೂಡಲೇ ಪಿಎಚ್ ಪಟ್ಟಿಯಲ್ಲಿ 4.5ಕ್ಕಿಂತ ಹೆಚ್ಚು ತೋರಿಸಿದರೆ ಇನ್ನಷ್ಟು ಹುಳಿ ದ್ರವ ಸೇರಿಸಿ. ಬೂಸ್ಟು ಬರುವುದು ಸೆಕೆಯಿಂದ ಅನ್ನುತ್ತಾರೆ, ಬಹಳಷ್ಟು ಸಲ ನಿಜವಾದ ಕಾರಣ ಮೊದಲ ದಿನದ ಹುಳಿ ಸಾಲದೆ ಇರುವುದು. ಮೇಲೆ ಒಣಗಿದ, ನೂಲುನೂಲಾದ ಹಸಿರು, ಕಪ್ಪು ಅಥವಾ ಬಿಳಿ ಚುಕ್ಕೆ ಕಂಡರೆ ಸ್ಕೋಬಿ ಸಮೇತ ಎಲ್ಲ ಚೆಲ್ಲಿ. ಕೆಳಗೆ ತೇಲುವ ಕಂದು ಎಳೆ ಯೀಸ್ಟ್, ಅದಕ್ಕೆ ಹೆದರಬೇಕಿಲ್ಲ.

ಜಾರು ಗಾಜಿನದೇ ಇರಲಿ. ತಾಮ್ರ, ಹಿತ್ತಾಳೆ ಬೇಡವೇ ಬೇಡ. ಹಳೆಯ ಉಪ್ಪಿನಕಾಯಿ ಭರಣಿಯೂ ಬೇಡ, ಅದರ ಮೆರುಗಿನಲ್ಲಿ ಸೀಸ ಇದ್ದರೆ ಹುಳಿಗೆ ಕರಗುತ್ತದೆ.

24ರಿಂದ 29 ಡಿಗ್ರಿ ಒಳ್ಳೆಯ ಹದ. 32 ದಾಟಿದರೆ ಹುಳಿಯುವುದು ಓಡುತ್ತದೆ, ಯೀಸ್ಟ್ ಕೈ ಮೇಲಾಗಿ ರುಚಿ ಒರಟಾಗುತ್ತದೆ. ನಿಮ್ಮ ನಾಲ್ಕು ದಿನದ ವಿನೆಗರಿಗೆ ಇದೇ ಕಾರಣ. ನಮ್ಮ ಬೇಸಿಗೆ ಒಣ ಬೇಸಿಗೆ, ಅದನ್ನೇ ಉಪಯೋಗಕ್ಕೆ ತೆಗೆದುಕೊಳ್ಳಿ. ಕೆಳಗಿನ ಮಹಡಿಯಲ್ಲಿ, ಬಿಸಿಲು ಬೀಳದ ಗೋಡೆ ಪಕ್ಕ, ಶಹಾಬಾದ್ ಫರಸಿ ನೆಲದ ಮೇಲೆ ಅಗಲವಾದ ಪರಾತ ಇಟ್ಟು ಎರಡು ಇಂಚು ನೀರು ಹಾಕಿ. ಜಾರು ಅದರಲ್ಲಿ ಕೂರಲಿ. ಹಳೆಯ ಧೋತರದ ತುಂಡು ಸುತ್ತಿ ಅಂಚು ನೀರಿನಲ್ಲಿ ಮುಳುಗಿರಲಿ, ಬಟ್ಟೆ ತಾನೇ ನೀರು ಎಳೆದುಕೊಳ್ಳುತ್ತದೆ. ಫ್ಯಾನ್ ಗಾಳಿ ತಾಗುವಂತೆ ಇಡಿ. ಗಾಳಿ 40 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಒದ್ದೆ ಬಟ್ಟೆ ಇಳಿಸಬಹುದಾದ ಕೊನೆಯ ಮಿತಿ 23ರ ಸುಮಾರು. ಅಷ್ಟು ಕೆಳಗೆ ಜಾರು ಹೋಗದಿದ್ದರೂ ಹದದ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ತೇವ ಹೆಚ್ಚು, ಆಗ ಈ ಉಪಾಯ ಅಷ್ಟಾಗಿ ನಡೆಯದು, ಆದರೆ ಆಗ ಅದರ ಅಗತ್ಯವೂ ಕಡಿಮೆ. ಒದ್ದೆ ಬಟ್ಟೆ ಜಾರಿನ ಬಾಯಿ ಬಟ್ಟೆಗೆ ತಾಗಬಾರದು, ತಾಗಿದರೆ ಬೂಸ್ಟಿಗೆ ದಾರಿ. ಕೂಲರಿನ ಎದುರಿಗೂ ಇಡಬೇಡಿ, ಹುಲ್ಲಿನ ಪ್ಯಾಡಿನ ಧೂಳು ನೇರ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಮೂರನೇ ದಿನದಿಂದಲೇ ರುಚಿ ನೋಡಿ.

ಸ್ಟೇಷನ್_ರೋಡ್_ಕಲಬುರಗಿ:

ಭಾಳ ಉಪಕಾರ ಆಯ್ತ್ರಿ. ಧೋತರ ಸುತ್ತಿದ್ರ ಸೆನ್ಸರ್ ಎಲ್ಲಿ ಹಚ್ಚಲಿ? ಮತ್ತ ಶುಂಠಿ ಹಾಕಿ ಬಾಟಲಿ ಕಟ್ಟೋದು, ಇದೇ ಜಾರಿನ್ಯಾಗ ಮುಂದ ಬಿಯರ್ ಮಾಡೋದು, ಇವೆರಡರ ಬಗ್ಗೆನೂ ಹೇಳ್ರಿ.

ಫರಸಿ_ಕಲ್ಲು:

ಸೆನ್ಸರ್ ಬಟ್ಟೆ ಒಳಗ, ಗಾಜಿಗೆ ತಾಗಿ, ಥರ್ಮೋಕೋಲ್ ಅದರ ಮ್ಯಾಲೆ, ಆಮ್ಯಾಲೆ ಬಟ್ಟೆ. ವೈರ್ ಕೊಳವಿ ಸೇರೋ ಜಾಗಕ್ಕ ನೀರು ಇಳೀಬಾರ್ದು, ವೈರ್ ಕಡೆ ಬಾಯಿ ಕೆಳಗ ಮಾಡಿ ಹಚ್ರಿ.

ಸುರಪುರ_ಚಹಾ:

ಬಿಯರ್ ಬೇಡ್ರಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮನೆ ಬಳಕೆಗೆ ಅಂದರೂ ಅಷ್ಟೇ. ಕೊಂಬುಚಾದಲ್ಲೂ ಸ್ವಲ್ಪ ಆಲ್ಕೋಹಾಲ್ ಇರುತ್ತದೆ, ಬಾಟಲಿಯನ್ನು ಸೆಕೆಯಲ್ಲಿ ಬಿಟ್ಟಷ್ಟೂ ಅದು ಏರುತ್ತದೆ. ಹಾಗಾಗಿ ಮಕ್ಕಳಿಗೆ, ಬಸುರಿಯರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇದ್ದವರಿಗೆ ಕೊಡಬೇಡಿ.

ಶುಂಠಿ ಬಾಟಲಿಗೆ: 750 ಮಿಲಿಗೆ ತುರಿದ ಹಸಿ ಶುಂಠಿ 5 ಗ್ರಾಂ, ಸಕ್ಕರೆ 3 ಗ್ರಾಂ. ಮೇಲೆ ಎರಡು ಬೆರಳು ಖಾಲಿ ಬಿಡಿ. ಗ್ಯಾಸ್ ಒತ್ತಡ ತಾಳುವ ದಪ್ಪ ಬಾಟಲಿಯೇ ಬೇಕು, ಜಾಮ್ ಬಾಟಲಿ, ಚೌಕದ ಗಾಜಿನ ಬಾಟಲಿ ಒಡೆಯುತ್ತವೆ. ಅದೇ ದ್ರವವನ್ನು ಒಂದು ಖಾಲಿ ಸೋಡಾ ಪ್ಲಾಸ್ಟಿಕ್ ಬಾಟಲಿಗೂ ತುಂಬಿ ಜೊತೆಗಿಡಿ. ಒತ್ತಿ ನೋಡಿದಾಗ ಅದು ಗಟ್ಟಿಯಾಗಿದ್ದರೆ ಗಾಜಿನ ಬಾಟಲಿಗಳನ್ನೂ ಕೂಡಲೇ ಫ್ರಿಜ್ಜಿಗೆ ಹಾಕಿ. ಮೇ ತಿಂಗಳಲ್ಲಿ ಇದಕ್ಕೆ ಒಂದು ದಿನವೂ ಬೇಕಾಗದೆ ಇರಬಹುದು, ಅದಕ್ಕೆ ಬೆಳಿಗ್ಗೆ ಕಟ್ಟಿ, ಮಧ್ಯಾಹ್ನದಿಂದ ಒತ್ತಿ ನೋಡುತ್ತಾ ಇರಿ.