ಟುರೆಟ್ ಸಿಂಡ್ರೋಮ್ ಇದ್ದವರೆಲ್ಲ ಬೈಗುಳ ಆಡುತ್ತಾರೆಯೇ?

ಪ್ರಶ್ನೆ: ಅಕ್ಕನ ಮಗನಿಗೆ 9 ವರ್ಷ. ಕಣ್ಣು ಮಿಟುಕಿಸುವುದು, ಭುಜ ಹಾರಿಸುವುದು, ಗಂಟಲಿನಿಂದ ಸದ್ದು ಹೊರಡಿಸುವುದು ಒಂದು ವರ್ಷಕ್ಕೂ ಮಿಕ್ಕಿ ನಡೆದಿದೆ. ವೈದ್ಯರು ಇದು ಟುರೆಟ್ ಎಂಬ ನರಸಂಬಂಧಿ ತೊಂದರೆ ಎಂದಿದ್ದಾರೆ. ಆದರೆ ಅವನು ಕೆಟ್ಟ ಮಾತನ್ನೇ ಆಡುವುದಿಲ್ಲ. ಶಾಲೆಯಲ್ಲಿ ಸುಮ್ಮನಿದ್ದು ಮನೆಗೆ ಬಂದೊಡನೆ ಸದ್ದು ಹೆಚ್ಚಿಸುವುದರಿಂದ ಇದು ಹಟವೆಂದು ಹಿರಿಯರು ಗದರುತ್ತಾರೆ. ತಿಳಿದವರು ವಿವರಿಸುವಿರಾ?

ಉತ್ತರ 1: ಅನೈಚ್ಛಿಕವಾಗಿ ಬೈಗುಳ ಹೊರಡುವುದು ಟುರೆಟ್ ಇರುವವರಲ್ಲಿ ಸುಮಾರು ಶೇ. 10ರಿಂದ 15 ಮಂದಿಗೆ ಮಾತ್ರ. ರೋಗನಿರ್ಣಯಕ್ಕೆ ಅದು ಬೇಕಾಗಿಯೇ ಇಲ್ಲ. 18 ವರ್ಷಕ್ಕೆ ಮೊದಲು ಆರಂಭವಾಗಿ, ವರ್ಷಕ್ಕೂ ಹೆಚ್ಚು ಕಾಲ ಉಳಿದ ಹಲವು ಚಲನೆಯ ಟಿಕ್‌ಗಳು ಮತ್ತು ಕನಿಷ್ಠ ಒಂದು ಧ್ವನಿ ಟಿಕ್ ಇದ್ದರೆ ಸಾಕು (ಟಿಕ್ ಎಂದರೆ ಬೇಡವೆಂದರೂ ಮತ್ತೆ ಮತ್ತೆ ಆಗುವ ಚಲನೆ ಅಥವಾ ಸದ್ದು). ಮೂಗು ಎಳೆಯುವುದು, ಗಂಟಲು ಸರಿಪಡಿಸಿಕೊಳ್ಳುವ ಸದ್ದು ಕೂಡ ಧ್ವನಿ ಟಿಕ್‌ಗಳೇ. ಇವನ್ನು ಅಲರ್ಜಿಯೆಂದು ಭಾವಿಸಿ ಎಷ್ಟೋ ಮಕ್ಕಳಿಗೆ ಮೊದಲು ಅದರ ಔಷಧಿ ಕೊಡುತ್ತಾರೆ.

ಉತ್ತರ 2: ನನಗೂ ಟುರೆಟ್ ಇದೆ. ಸೀನು ಬರುವ ಮುನ್ನ ಆಗುವಂಥ ಒತ್ತಡವೊಂದು ಟಿಕ್‌ಗೂ ಮೊದಲು ಒಳಗೆ ಏಳುತ್ತದೆ. ಸ್ವಲ್ಪ ಹೊತ್ತು ತಡೆಯಬಹುದು, ಆದರೆ ಆ ಪ್ರಯತ್ನ ಬಹಳ ದಣಿಸುತ್ತದೆ. ದಯವಿಟ್ಟು ಅವನನ್ನು ಗದರಬೇಡಿ. ಆತಂಕ ಏರಿದಷ್ಟೂ ಟಿಕ್ ಹೆಚ್ಚುತ್ತದೆ.

ಉತ್ತರ 3: ಬೆಳೆಸಿದ ರೀತಿಯಿಂದ ಇದು ಬರುವುದಿಲ್ಲ, ಬುದ್ಧಿಶಕ್ತಿಯೂ ಕುಂದುವುದಿಲ್ಲ. ಸಾಮಾನ್ಯವಾಗಿ 10-12ರ ವಯಸ್ಸಿನಲ್ಲಿ ತೀವ್ರವಾಗಿ, ಹದಿಹರೆಯ ಮುಗಿಯುವಷ್ಟರಲ್ಲಿ ಹಲವರಲ್ಲಿ ತಗ್ಗುತ್ತದೆ. ಟಿಕ್‌ಗೆ ಬದಲಾಗಿ ಬೇರೊಂದು ಚಲನೆ ಕಲಿಸುವ ವರ್ತನಾ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ, ತರಗತಿಯ ಶಿಕ್ಷಕರಿಗೂ ವಿಷಯ ತಿಳಿಸಿ.