ಬಾಡು, ಕಂದು, ಕಮರು, ಸೊರಗು, ಮುದುಡು: ಯಾವ ಚಿತ್ರಕ್ಕೆ ಯಾವ ಪದ?

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ಶರಣು.

ಗಿಡಬಳ್ಳಿಗಳ ಮೂಲಕ ಮನಸ್ಸಿನ ಭಾವ ಹೇಳುವ ಚಿತ್ರಕಲಾ ವಿದ್ಯಾರ್ಥಿಗಳ ಪ್ರದರ್ಶನವೊಂದಕ್ಕೆ ಶೀರ್ಷಿಕೆಗಳನ್ನು ತಿದ್ದಬೇಕಾಗಿದೆ. ಮೂರು ಕಡೆ ಅನುಮಾನ.

ಒಂದು, ಬಿದರಿ ತಟ್ಟೆ. ಬೆಳ್ಳಿಯ ಬಳ್ಳಿ ಕಮಾನಿನಂತೆ ಬಾಗಿದೆ, ಎಲೆಗಳು ಜೋತಿವೆ, ತುದಿಯ ಮೊಗ್ಗು ಮಾತ್ರ ನೆಟ್ಟಗಿದೆ. ಶೀರ್ಷಿಕೆ 'ಕಮರಿದ ಮನ'. ಎರಡು, ಜಲವರ್ಣದಲ್ಲಿ ಮುಟ್ಟಿದರೆ ಮುನಿ ಗಿಡ. ಶೀರ್ಷಿಕೆ 'ಬಾಡಿದ ನಾಚಿಕೆ'. ಮೂರು, ಹಸಿರು ತೊಗರಿ ಹೊಲದ ನಡುವೆ ನಿಂತಲ್ಲೇ ಒಣಗಿದ ಒಂದು ಗಿಡ, ಶೀರ್ಷಿಕೆ 'ಸೊರಗು'.

ನಿಘಂಟು ತೆರೆದರೆ ಒಂದು ಪದಕ್ಕೆ ಇನ್ನೊಂದೇ ಅರ್ಥವಾಗಿ ಕೂತಿದೆ. ಬಳಕೆಯಲ್ಲಿ ಇವುಗಳ ನಡುವೆ ನಿಜಕ್ಕೂ ಗೆರೆ ಇದೆಯೇ?

ಉತ್ತರ (ಬೀದರ)

ಶರಣು ಸರ್. ಗೆರೆ ಇದೆ, ಸಾಕಷ್ಟು ದಪ್ಪನಾಗಿಯೇ ಇದೆ. ಗಿಡದಲ್ಲಿ ಕೆಡುತ್ತಿರುವುದು ಯಾವುದು ಎಂದು ಕೇಳಿಕೊಳ್ಳಿ: ನಿಲುವೋ, ಬಣ್ಣವೋ, ಮೈಯೋ, ಆಕಾರವೋ? ಪದ ತಾನಾಗಿ ಸಿಗುತ್ತದೆ.

'ಬಾಡು' ನಿಲುವಿನ ಮಾತು. ನೀರು ಸಾಲದಾದಾಗ ಎಲೆಯ ಬಿಗುವು ಇಳಿದು ಅದು ಜೋಲುತ್ತದೆ. ಹೊತ್ತಿಗೆ ಸರಿಯಾಗಿ ನೀರು ಬಿದ್ದರೆ ಮತ್ತೆ ಏಳುತ್ತದೆ. ಅದಕ್ಕೇ 'ಮಾರಿ ಬಾಡ್ಯಾದ' ಅಂದಾಗ ಕೇಳಿದವರು 'ಯಾಕ, ಉಂಡಿಲ್ಲೇನು?' ಅನ್ನುತ್ತಾರೆ. ಸರಿಹೋಗುವ ದುಃಖ ಅದು. (ಮೈಸೂರು ಕಡೆಯವರು ಪ್ರದರ್ಶನಕ್ಕೆ ಬಂದರೆ 'ಬಾಡು' ಅಂತ ಒಂಟಿಯಾಗಿ ಬರೆದ ಶೀರ್ಷಿಕೆ ಬಾಡೂಟದ, ಅಂದರೆ ಮಾಂಸದೂಟದ, ನೆನಪು ತಂದೀತು, ಅದೊಂದು ಎಚ್ಚರ.)

'ಕಂದು' ಬಣ್ಣದ ಮಾತು. ಬಿಸಿಲಿಗೆ ಮುಖ ಕಂದುತ್ತದೆ, ಎಲೆಯ ಅಂಚು ಕಂದುತ್ತದೆ. ಇದನ್ನು 'ಕುಂದು' ಜೊತೆ ಕಲಸಬೇಡಿ. ಕುಂದುವುದು ಅಂದರೆ ಕಡಿಮೆಯಾಗುವುದು, 'ಕಳೆಗುಂದು' ಬಂದದ್ದು ಅಲ್ಲಿಂದ. 'ಸೊರಗು' ಮೈಯ ಮಾತು, ದಿನಗಟ್ಟಲೆ ನಡೆಯುವಂಥದ್ದು. ಒಂದು ಮಧ್ಯಾಹ್ನದಲ್ಲಿ ಯಾರೂ ಸೊರಗುವುದಿಲ್ಲ.

'ಕಮರು' ಬೇರೆಯೇ ಜಾತಿ. ಅದರಲ್ಲಿ ಬೆಂಕಿ ಇದೆ, ಸೀದ ವಾಸನೆ ಇದೆ. ಆಸೆ ಕಮರಿತು ಅಂದರೆ ಇನ್ನು ಚಿಗುರದು ಎಂದೇ ಅರ್ಥ. ನಿಮ್ಮ ತಟ್ಟೆಯಲ್ಲಿ ಸುಟ್ಟದ್ದು ಏನೂ ಇಲ್ಲ, ಮೊಗ್ಗೂ ಜೀವಂತವಾಗಿದೆ. ಹಾಗಾಗಿ ಶೀರ್ಷಿಕೆ ತಪ್ಪು. ಆದರೆ ಬಿಡಿಸಿದ್ದರಲ್ಲೂ ತೊಡಕಿದೆ, ಅದನ್ನೂ ಹೇಳಿಬಿಡುತ್ತೇನೆ.

ನೀರಿಲ್ಲದಾಗ ಮೊದಲು ಬಾಗುವುದು ಎಳೆಯ ಕುಡಿ ಮತ್ತು ಎಲೆಯ ತೊಟ್ಟು. ಬಲಿತ ಕಾಂಡದಲ್ಲಿ ಕಟ್ಟಿಗೆ ಇರುವುದರಿಂದ ಅದು ನಿಂತೇ ಇರುತ್ತದೆ. ಇಡೀ ಕಾಂಡವನ್ನು ಕಮಾನಾಗಿಸಿದರೆ ನೋಡುವವರಿಗೆ ಕಾಣುವುದು ಬಾಡುವಿಕೆಯಲ್ಲ, ಭಾರ. ಫಲ ಹೊತ್ತ ಕೊಂಬೆಯ ಬಾಗು ಅದು. ನಮ್ಮಲ್ಲಿ ಅದಕ್ಕೆ ವಿನಯ ಎಂಬ ಅರ್ಥ ಮೊದಲೇ ಅಂಟಿಕೊಂಡಿದೆ. ದುಃಖ ಬೇಕಿದ್ದರೆ ಕಾಂಡದ ಕೆಳಗಿನ ಮುಕ್ಕಾಲು ಭಾಗ ನೆಟ್ಟಗೆ ಬಿಟ್ಟು, ಮೇಲಿನ ಕಾಲು ಭಾಗವನ್ನಷ್ಟೇ ಮಣಿಸಬೇಕು. ಎಲೆ ತೊಟ್ಟಿನ ಬುಡದಲ್ಲಿ ತಿರುಗಿ ಕೆಳಗೆ ಬೀಳಬೇಕು. ತುದಿಯ ಮೊಗ್ಗು ಕುಡಿಯ ಜೊತೆಗೇ ಕತ್ತು ಬಾಗಿಸಬೇಕು. ಭರವಸೆಯ ಮೊಗ್ಗು ಬೇಕೇಬೇಕೆಂದರೆ ಕೆಳಗಿನ ಬಲಿತ ಕವಲಿಗೆ ಇಡಲಿ. ಅಲ್ಲಿ ನೆಟ್ಟಗಿದ್ದರೂ ನಂಬಬಹುದು.

ಬಿದರಿಯಲ್ಲಿ ಇನ್ನೊಂದು ಕಟ್ಟು ಇದೆ. ಸತುವೇ ಹೆಚ್ಚಿದ್ದು ಸ್ವಲ್ಪ ತಾಮ್ರ ಬೆರೆತ ಎರಕ ಅದು, ಸುಮಾರು 16ಕ್ಕೆ 1ರ ಅಳತೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೈಮೇಲೆ ನಕ್ಷೆ ಗೀರಿ, ಉಳಿಯಿಂದ ಕೆತ್ತಿ, ಬೆಳ್ಳಿ ಕೂರಿಸಿ ಉಜ್ಜುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಅಲ್ಲಿಗೆ ಬಣ್ಣ ಎರಡೇ. ಆದ್ದರಿಂದ 'ಕಂದಿದ' ಎಲೆಯನ್ನು ಬಿದರಿಯಲ್ಲಿ ತೋರಿಸಲಾಗದು. ಬಾಡಿದ್ದು, ಮುದುಡಿದ್ದು ಮಾತ್ರ ಸಾಧ್ಯ, ಅದೂ ರೇಖೆಯಿಂದಲೇ. ಎಲೆಗೆ ಅಗಲವಾದ ಬೆಳ್ಳಿಯ ತಗಡು ಕೂರಿಸಿದರೆ ಅದು ರಸ ತುಂಬಿದ ಎಲೆಯಾಗಿ ಹೊಳೆಯುತ್ತದೆ, ಜೋತಿದ್ದರೂ ಸರಿ. ಬಾಡಿದ ಎಲೆಯನ್ನು ಪಕ್ಕದಿಂದ ಕಂಡಂತೆ ಬಿಡಿಸಿ, ನಡುನರ ಮತ್ತು ಒಂದು ಅಂಚನ್ನು ಮಾತ್ರ ತಾರ್ಕಶಿಯ (ಗೀರಿನಲ್ಲಿ ತಂತಿ ಕೂರಿಸುವ ಕೆಲಸದ) ತಂತಿಯಲ್ಲಿ ತುಂಬುವುದು ಒಳ್ಳೆಯದು. ಬಾಗು ತೀರ ಚೂಪಾಗದಿರಲಿ. ಕೆತ್ತಿದ ಗೀರು ಅಲ್ಲಿ ಆಳ ಸಾಲದೆ ಹೋದರೆ ಉಜ್ಜುವಾಗ ತಂತಿ ಏಳುತ್ತದೆ.

ಇಷ್ಟು ತಿದ್ದಿದರೆ 'ಬಾಡಿದ ಕುಡಿ' ಸಾಕು. 'ಮನ' ಸೇರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಬಳ್ಳಿ ಹೇಳಿದ್ದನ್ನೇ ಶೀರ್ಷಿಕೆ ಮತ್ತೆ ಹೇಳಿದರೆ ಚಿತ್ರಕ್ಕೆ ಕೆಲಸವಿಲ್ಲ.

ಮುಟ್ಟಿದರೆ ಮುನಿಯ ವಿಷಯ ಚಿಕ್ಕದು. ಅದು ಬಾಡುವುದಿಲ್ಲ, ಮುದುಡುತ್ತದೆ. ಎಲೆತೊಟ್ಟಿನ ಬುಡದ ಉಬ್ಬಿನಲ್ಲಿ ನೀರು ಸರಿದು ಮಡಚುವ ಚಲನೆ ಅದು, ಮತ್ತೆ ಬಿಚ್ಚಿಕೊಳ್ಳುತ್ತದೆ. ಎಷ್ಟೋ ಜನ ಕಿರುಎಲೆಗಳನ್ನು ಕೆಳಕ್ಕೆ ಜೋಲಿಸಿ ಬಿಡಿಸುತ್ತಾರೆ. ವಾಸ್ತವದಲ್ಲಿ ಕಿರುಎಲೆಗಳು ಜೋಡಿ ಜೋಡಿಯಾಗಿ ಮೇಲಕ್ಕೆ ಮಡಚಿ ಮುಖಕ್ಕೆ ಮುಖ ಕೂಡುತ್ತವೆ, ಕೈ ಮುಗಿದ ಹಾಗೆ. ಕೆಳಗೆ ಬೀಳುವುದು ತೊಟ್ಟು. ತುದಿ ಮುಟ್ಟಿದರೆ ತುದಿಯಿಂದ ಬುಡದ ಕಡೆಗೆ ಮಡಚುತ್ತಾ ಬರುತ್ತದೆ. ಅರ್ಧ ಮಡಚಿದ, ಅರ್ಧ ತೆರೆದ ಎಲೆ ಬಿಡಿಸಿದರೆ ಆ ಕ್ಷಣ ಕೈಗೆ ಸಿಗುತ್ತದೆ. ಇದೇ ಗಿಡಕ್ಕೆ ನಾಚಿಕೆ ಗಿಡ ಎಂದೂ ಹೆಸರು: ಒಂದೇ ಚಲನೆಯಲ್ಲಿ ಒಬ್ಬರು ಮುನಿಸು ಕಂಡರು, ಇನ್ನೊಬ್ಬರು ನಾಚಿಕೆ. ಶೀರ್ಷಿಕೆಯಲ್ಲಿ 'ನಾಚಿಕೆ' ಎಂದು ಕಟ್ಟಿಹಾಕದೆ 'ಮುದುಡು' ಎಂದಷ್ಟೇ ಇಡಿ.

ಉತ್ತರ (ಯಾದಗಿರಿ)

ಮೇಲಿನದಕ್ಕೆ ನನ್ನ ಒಪ್ಪಿಗೆ. ತೊಗರಿಯ ಬಗ್ಗೆ ಎರಡು ಮಾತು.

ಹೊಲದ ನಡುವೆ ನಿಂತಲ್ಲೇ ಒಣಗಿದ ಗಿಡ ಅಂದರೆ ನಮ್ಮ ಕಡೆ ಯಾರೂ 'ಸೊರಗು' ಅನ್ನುವುದಿಲ್ಲ, ನೆಟೆರೋಗ ಅನ್ನುತ್ತಾರೆ. ಮಣ್ಣಿನ ಶಿಲೀಂಧ್ರ ಬೇರಿನಿಂದ ಏರಿ ನೀರಿನ ದಾರಿ ಮುಚ್ಚುತ್ತದೆ. ನೆಲದಲ್ಲಿ ತೇವ ಇದ್ದರೂ ಗಿಡ ಒಣಗುತ್ತದೆ, ಎಲೆ ಒಣಗಿದರೂ ಎಷ್ಟೋ ಉದುರದೆ ಅಂಟಿರುತ್ತವೆ. ಕೆಲವೊಮ್ಮೆ ಒಂದೇ ಮಗ್ಗುಲ ಕೊಂಬೆಗಳು ಒಣಗಿ ಇನ್ನೊಂದು ಮಗ್ಗುಲು ಹಸಿರಿರುತ್ತದೆ. ಕಾಂಡದ ಬುಡದಿಂದ ಮೇಲಕ್ಕೆ ಕಂದು-ನೇರಳೆ ಪಟ್ಟಿ ಏರಿರುತ್ತದೆ. ತೊಗಟೆ ಸುಲಿದರೆ ಒಳಗೆ ಕಪ್ಪು ಗೆರೆ. ಎಲ್ಲ ಇದ್ದೂ ಒಳಗೇ ಒಣಗುವ ದುಃಖಕ್ಕೆ ಇದಕ್ಕಿಂತ ಸರಿಯಾದ ಚಿತ್ರ ಸಿಗದು. ಆದರೆ ವಿದ್ಯಾರ್ಥಿ ಆ ಪಟ್ಟಿಯನ್ನು ಬಿಡಿಸಿರಬೇಕು, ಇಲ್ಲದಿದ್ದರೆ ಅದು ಬರೀ ನೀರಿಲ್ಲದ ಗಿಡ.

ಯಾರಾದರೂ ಗೊಡ್ಡು ರೋಗದ ಗಿಡ ಬಿಡಿಸಿದ್ದರೆ (ಸಣ್ಣ, ಮಂಕು ಎಲೆ, ಪೊದೆಯಂತೆ ಬೆಳೆದು ಹೂವಿಲ್ಲದ್ದು) ಆ ಪದವನ್ನು ಮಾತ್ರ ಶೀರ್ಷಿಕೆಗೆ ತರಬೇಡಿ. ಹೊಲದಲ್ಲಿ ಅದು ರೋಗದ ಹೆಸರು, ಮನೆಯಲ್ಲಿ ಹೆಂಗಸರ ಮೇಲೆ ಎಸೆಯುವ ಬೈಗುಳ. 'ಹೂ ಬಿಡದ ಹಸಿರು' ಎಂದರೂ ನಡೆಯುತ್ತದೆ.