ಇಗ್ನಾಶೆವಿಚ್ ಎಂದರೆ ಸ್ಪೇನ್ ವಿರುದ್ಧದ ಆ ಸ್ವಂತ ಗೋಲು ಮಾತ್ರವೇ?

ಪ್ರಶ್ನೆ

2018ರ ವಿಶ್ವಕಪ್‌ನ ರಷ್ಯಾ–ಸ್ಪೇನ್ ಪಂದ್ಯವನ್ನು ಈಚೆಗೆ ಮತ್ತೊಮ್ಮೆ ಪೂರ್ತಿಯಾಗಿ ನೋಡಿದೆ. 12ನೇ ನಿಮಿಷದಲ್ಲಿ ಸ್ಪೇನ್‌ನ ಫ್ರೀ ಕಿಕ್ ಗೋಲಿನ ಮುಂದಕ್ಕೆ ತೇಲಿ ಬಂದಾಗ ರಷ್ಯಾದ ಡಿಫೆಂಡರ್ ಸೆರ್ಗೆಯ್ ಇಗ್ನಾಶೆವಿಚ್ ಚೆಂಡಿನ ಕಡೆ ನೋಡದೆ ಸೆರ್ಹಿಯೊ ರಾಮೋಸ್ ಜೊತೆ ಸೆಣಸುತ್ತಿದ್ದರು. ಚೆಂಡು ಅವರ ಹಿಮ್ಮಡಿಗೆ ತಗುಲಿ ತಮ್ಮದೇ ಗೋಲಿನೊಳಗೆ ಹೋಯಿತು. ಇವರ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ. ಆದರೆ ರಷ್ಯಾ ಪರ ಅತಿ ಹೆಚ್ಚು ಪಂದ್ಯಗಳನ್ನು, ಅಂದರೆ 127 ಪಂದ್ಯಗಳನ್ನು ಆಡಿದವರು ಇವರೇ ಎಂದು ಗೊತ್ತಾದಾಗ ಆಶ್ಚರ್ಯವಾಯಿತು. ನಿವೃತ್ತಿ ಹೇಳಿ ಹೋಗಿದ್ದ 38ರ ಆಟಗಾರನನ್ನು ವಿಶ್ವಕಪ್‌ಗೆ ಮತ್ತೆ ಕರೆತರುವ ಅಗತ್ಯವೇನಿತ್ತು? ಅಷ್ಟು ಸಮರ್ಥರಾಗಿದ್ದರೆ ಒಮ್ಮೆಯೂ ಹೊರದೇಶದ ಕ್ಲಬ್‌ನಲ್ಲಿ ಏಕೆ ಆಡಲಿಲ್ಲ? ಅವರ ವೃತ್ತಿಜೀವನವನ್ನು ಮೊದಲಿನಿಂದ ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಸ್ವಂತ ಗೋಲಿನ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಅದು ನಿಜ, ಮತ್ತು ವಿಶ್ವಕಪ್‌ನಲ್ಲಿ ಸ್ವಂತ ಗೋಲು ಹೊಡೆದ ಅತಿ ಹಿರಿಯ ಆಟಗಾರ ಎಂಬ ದಾಖಲೆಯೂ ಅಂದೇ ಅವರ ಹೆಸರಿಗೆ ಅಂಟಿತು. ಆದರೆ ನೀವು ಪಂದ್ಯವನ್ನು ಪೂರ್ತಿ ನೋಡಿದ್ದರೆ ಉಳಿದ ನೂರಕ್ಕೂ ಹೆಚ್ಚು ನಿಮಿಷಗಳನ್ನೂ ನೋಡಿರುತ್ತೀರಿ. ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್‌ಗಳನ್ನು ಮಾಡಿತು; ಕುಟೆಪೊವ್ ಮತ್ತು ಕುದ್ರ್ಯಾಶೊವ್ ಅವರನ್ನು ಎಡಬಲಕ್ಕಿಟ್ಟುಕೊಂಡು ನಡುವೆ ನಿಂತಿದ್ದ ಇಗ್ನಾಶೆವಿಚ್ ಆ ಬಳಿಕ ಒಂದು ಗೋಲಿಗೂ ದಾರಿ ಬಿಡಲಿಲ್ಲ. ಸಮಬಲವಾದ ಆ ಪಂದ್ಯವನ್ನು ರಷ್ಯಾ ಗೆದ್ದ ಪೆನಾಲ್ಟಿ ಶೂಟೌಟ್‌ನಲ್ಲಿ ತಮ್ಮ ಪೆನಾಲ್ಟಿಯನ್ನೂ ಗೋಲಾಗಿಸಿದರು. ಆರು ದಿನಗಳ ಬಳಿಕ ಸೋಚಿಯಲ್ಲಿ ಕ್ರೊವೇಷ್ಯಾ ವಿರುದ್ಧದ ಕ್ವಾರ್ಟರ್ ಫೈನಲ್‌ನ ಶೂಟೌಟ್‌ನಲ್ಲಿ ರಷ್ಯಾ ಸೋತಾಗಲೂ ಅವರ ಪೆನಾಲ್ಟಿ ತಪ್ಪಲಿಲ್ಲ.

ಇನ್ನು ಹಿಂದಿನ ಕಥೆ. 1979ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಟೊರ್ಪಿಡೊ ಕ್ಲಬ್‌ನ ಶಾಲೆಯಲ್ಲಿ ಕಲಿತ ಹುಡುಗನಿಗೆ ಅಲ್ಲಿಯ ಹಿರಿಯರ ತಂಡದಲ್ಲಿ ಜಾಗ ಸಿಗಲಿಲ್ಲ. ಒರೆಖೊವೊ-ಜುಯೆವೊ ಎಂಬ ಸಣ್ಣ ಊರಿನ ತಂಡಕ್ಕೆ ಹೋದರು, ಅಲ್ಲಿಂದ 1999ರಲ್ಲಿ ಸಮಾರಾದ ಕ್ರಿಲ್ಯಾ ಸೊವೆತೊವ್‌ಗೆ. ಮಾಸ್ಕೋಗೆ ಮರಳಿದ್ದು 2001ರಲ್ಲಿ, ಯೂರಿ ಸ್ಯೋಮಿನ್ ತರಬೇತುಗೊಳಿಸುತ್ತಿದ್ದ ಲೊಕೊಮೊಟಿವ್ ಮೂಲಕ. 2002ರ ಲೀಗ್ ಕೊನೆಗೊಂಡಾಗ ಲೊಕೊಮೊಟಿವ್ ಮತ್ತು ಮಾಸ್ಕೋದ ಇನ್ನೊಂದು ಕ್ಲಬ್ ಸಿಎಸ್‌ಕೆಎ ಅಂಕಗಳಲ್ಲಿ ಸಮನಾಗಿದ್ದವು. ಪ್ರಶಸ್ತಿ ಯಾರದೆಂದು ತೀರ್ಮಾನಿಸಲು ನಡೆದ ‘ಚಿನ್ನದ ಪಂದ್ಯ’ದಲ್ಲಿ ಲೊಸ್ಕೊವ್ ಹೊಡೆದ ಏಕೈಕ ಗೋಲಿನಿಂದ ಲೊಕೊಮೊಟಿವ್ ತನ್ನ ಮೊದಲ ಲೀಗ್ ಪ್ರಶಸ್ತಿ ಗೆದ್ದಿತು. ಅಂದು ಸೋತ ಸಿಎಸ್‌ಕೆಎಗೇ ಇಗ್ನಾಶೆವಿಚ್ 2004ರಲ್ಲಿ ಸೇರಿದರು ಮತ್ತು 2018ರವರೆಗೆ ಅಲ್ಲಿಂದ ಕದಲಲಿಲ್ಲ.

ಅವರ ಆಟವನ್ನು ಅರ್ಥ ಮಾಡಿಕೊಳ್ಳಲು ಸಿಎಸ್‌ಕೆಎಯ ಹಿಂದಿನ ಸಾಲನ್ನು ಒಟ್ಟಾಗಿ ನೋಡಬೇಕು. ಗೋಲ್‌ಕೀಪರ್ ಇಗೊರ್ ಅಕಿನ್‌ಫೆಯೆವ್, ಅವರ ಮುಂದೆ ಅವಳಿ ಸೋದರರಾದ ವಾಸಿಲಿ ಮತ್ತು ಅಲೆಕ್ಸೆಯ್ ಬೆರೆಜುಟ್ಸ್ಕಿ, ಜೊತೆಗೆ ಇಗ್ನಾಶೆವಿಚ್: ಈ ನಾಲ್ವರು ಹದಿನಾಲ್ಕು ವರ್ಷ ಒಂದೇ ಕ್ಲಬ್‌ನಲ್ಲಿದ್ದರು. ತರಬೇತುದಾರ ವಾಲೆರಿ ಗಜ್ಜಾಯೆವ್ ಕಾಲದಲ್ಲಿ ಮೂವರು ಡಿಫೆಂಡರ್‌ಗಳ ಪದ್ಧತಿ, ಲಿಯೊನಿದ್ ಸ್ಲುಟ್ಸ್ಕಿ ಕಾಲದಲ್ಲಿ ನಾಲ್ವರದು. ಪದ್ಧತಿ ಬದಲಾದರೂ ಆಳುಗಳು ಬದಲಾಗಲಿಲ್ಲ. 2005ರ ಮೇ ತಿಂಗಳಲ್ಲಿ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್‌ನ ಫೈನಲ್ ನಡೆದದ್ದು ಲಿಸ್ಬನ್‌ನಲ್ಲಿ, ಅದೂ ಎದುರಾಳಿ ಸ್ಪೋರ್ಟಿಂಗ್‌ನ ಸ್ವಂತ ಅಂಗಳದಲ್ಲಿ. ಮೊದಲು ಗೋಲು ಬಿಟ್ಟುಕೊಟ್ಟ ಸಿಎಸ್‌ಕೆಎ 3–1ರಿಂದ ಗೆದ್ದು, ಯುರೋಪಿನ ಟ್ರೋಫಿ ಗೆದ್ದ ಮೊದಲ ರಷ್ಯನ್ ಕ್ಲಬ್ ಆಯಿತು. ಲೀಗ್ ಪ್ರಶಸ್ತಿಗಳು 2005, 2006, 2012–13, 2013–14 ಮತ್ತು 2015–16ರಲ್ಲಿ ಬಂದವು. ವರ್ಷಗಳ ಬರಹ ನಡುವೆ ಬದಲಾಗುವುದಕ್ಕೆ ಕಾರಣ, ರಷ್ಯಾದ ಲೀಗ್ ವಸಂತದಿಂದ ಶರತ್ಕಾಲದವರೆಗೆ ನಡೆಯುತ್ತಿದ್ದುದನ್ನು ಬಿಟ್ಟು ಯುರೋಪಿನ ವೇಳಾಪಟ್ಟಿಗೆ ಹೊಂದಿಕೊಂಡದ್ದು.

ಇಗ್ನಾಶೆವಿಚ್ ಎಂದೂ ವೇಗದ ಓಟಗಾರರಾಗಿರಲಿಲ್ಲ. ದಾಳಿಗಾರ ಓಡಲು ಶುರುಮಾಡುವ ಮೊದಲೇ ಚೆಂಡು ಬಂದು ಬೀಳುವ ಜಾಗದಲ್ಲಿ ಹೋಗಿ ನಿಂತಿರುವುದು ಅವರ ವಿದ್ಯೆ. ವೇಗವನ್ನೇ ನಂಬಿದ ಡಿಫೆಂಡರ್ ಮೂವತ್ತೆರಡಕ್ಕೆ ಸೊರಗುತ್ತಾನೆ. ಇವರಲ್ಲಿ ಸೊರಗಬೇಕಾದದ್ದು ಮೊದಲಿನಿಂದಲೂ ಕಡಿಮೆಯಿತ್ತು. ಹಿಂದಿನಿಂದ ಎದುರು ಅಂಚಿಗೆ ಕಳಿಸುವ ಉದ್ದನೆಯ ಪಾಸ್, ಪೆನಾಲ್ಟಿ ಮತ್ತು ಫ್ರೀ ಕಿಕ್‌ಗಳ ಹೊಡೆತ, ಇವು ವಯಸ್ಸಿಗೆ ಮಣಿಯುವ ಕೌಶಲಗಳಲ್ಲ.

ಉತ್ತರ 2

ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಅದರಲ್ಲಿ ಅಭಿಮಾನದ ಪಾಲು ತುಸು ಹೆಚ್ಚಾಗಿದೆ. 2016ರ ಯುರೋ ಕಪ್ ಅನ್ನು ಬಿಟ್ಟು ಈ ಕಥೆ ಹೇಳಲಾಗದು. ಟುಲೂಸ್‌ನಲ್ಲಿ ವೇಲ್ಸ್ ವಿರುದ್ಧ 36ರ ಇಗ್ನಾಶೆವಿಚ್ ಮತ್ತು ಅಂದೇ 34 ತುಂಬಿದ ವಾಸಿಲಿ ಬೆರೆಜುಟ್ಸ್ಕಿ ನಡುವಿನ ರಕ್ಷಣೆಯಲ್ಲಿ ನಿಂತರು. ರಷ್ಯಾ 3–0ಯಿಂದ ಸೋತು ಗುಂಪಿನ ಕೊನೆಯ ಸ್ಥಾನದಲ್ಲಿ ಮನೆಗೆ ಮರಳಿತು. ವೇಲ್ಸ್‌ನ ಬೇಲ್ ಮತ್ತು ರ‍್ಯಾಮ್ಸಿ ಖಾಲಿ ಜಾಗ ಸಿಕ್ಕಾಗಲೆಲ್ಲ ಓಡಿದರು. ತಂಡ ಹಿಂದಕ್ಕೆ ಸರಿದು ಗೋಲಿನ ಮುಂದೆ ಗುಂಪುಗೂಡಿದಾಗ ಇಗ್ನಾಶೆವಿಚ್ ಅಪ್ರತಿಮರು. ಬೆನ್ನ ಹಿಂದೆ ಮೂವತ್ತು ಮೀಟರ್ ತೆರವಾದಾಗ ಅವರ ಅನುಭವ ನೆರವಿಗೆ ಬರುತ್ತಿರಲಿಲ್ಲ. ಸ್ಪೇನ್ ವಿರುದ್ಧ ಅವರು ಗೆದ್ದದ್ದು ಮೊದಲನೆಯ ಬಗೆಯ ಪಂದ್ಯವನ್ನು.

ವಾಪಸ್ ಕರೆದ ಕಾರಣ ಸರಳ. 2018ರ ಆರಂಭದಲ್ಲಿ ಡಿಫೆಂಡರ್‌ಗಳಾದ ವಾಸಿನ್ ಮತ್ತು ಜಿಕಿಯಾ, ಇಬ್ಬರೂ ಮಂಡಿಯ ಗಾಯದಿಂದ ಹೊರಬಿದ್ದರು. ಮೇ ತಿಂಗಳಲ್ಲಿ ಕಂಬೊಲೊವ್ ಕೂಡ ಗಾಯಗೊಂಡಾಗ ತರಬೇತುದಾರ ಸ್ತಾನಿಸ್ಲಾವ್ ಚೆರ್ಚೆಸೊವ್ ಇಗ್ನಾಶೆವಿಚ್ ಅವರನ್ನು ಕರೆದರು. ದೊಡ್ಡ ಪಂದ್ಯಗಳ ಒತ್ತಡ ಬಲ್ಲ ಬೇರೆ ಸೆಂಟರ್ ಬ್ಯಾಕ್‌ಗಳು (ನಡುವಿನ ಡಿಫೆಂಡರ್‌ಗಳು) ಆಗ ಹೆಚ್ಚಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇದು ಒಬ್ಬ ಆಟಗಾರನ ಹಿರಿಮೆ ಎಷ್ಟೋ, ಅವರ ಹಿಂದೆ ಬಂದ ಪೀಳಿಗೆಯ ಬರವೂ ಅಷ್ಟೇ.

ಹೊರದೇಶದ ಪ್ರಶ್ನೆಗೆ ಲೀಗ್‌ನ ನಿಯಮದಲ್ಲೂ ಉತ್ತರವಿದೆ. ರಷ್ಯಾದ ಲೀಗ್‌ನಲ್ಲಿ ಅಂಗಳಕ್ಕಿಳಿಯುವ ವಿದೇಶಿ ಆಟಗಾರರ ಸಂಖ್ಯೆಗೆ ಮಿತಿಯಿದೆ. 2015ರಲ್ಲಿ ಅದು ಒಂದು ತಂಡಕ್ಕೆ ಆರು. ಹೀಗಿರುವಾಗ ರಾಷ್ಟ್ರೀಯ ತಂಡದ ಮಟ್ಟದ ರಷ್ಯನ್ ಡಿಫೆಂಡರ್‌ಗೆ ತವರಿನಲ್ಲಿ ಬೆಲೆ ಏರುವುದು ಸಹಜ. ಆಗ ಸಂಬಳ ಚೆನ್ನಾಗಿತ್ತು, ಯುರೋಪಿನ ಚಾಂಪಿಯನ್ಸ್ ಲೀಗ್ ಆಡಲು ಸಿಗುತ್ತಿತ್ತು, ಪ್ರಶಸ್ತಿಗಳೂ ಬರುತ್ತಿದ್ದವು. ಬಿಟ್ಟು ಹೋಗುವುದಾದರೂ ಏಕೆ?

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. 127 ಎಂಬ ಸಂಖ್ಯೆಯನ್ನು ಹೇಗೆ ತೂಗಬೇಕೆಂದು ಇನ್ನೂ ಸ್ಪಷ್ಟವಾಗಲಿಲ್ಲ. ಸೋವಿಯತ್ ಕಾಲದವರೊಂದಿಗೆ ಹೋಲಿಸಿದರೆ ಇವರ ಸ್ಥಾನ ಯಾವುದು?

ಉತ್ತರ 3

ಸೋವಿಯತ್ ತಂಡದ ದಾಖಲೆ ಒಲೆಗ್ ಬ್ಲೊಖಿನ್ ಅವರ 112 ಪಂದ್ಯಗಳು. ರಷ್ಯಾ ತಂಡದಲ್ಲಿ ಇಗ್ನಾಶೆವಿಚ್‌ಗಿಂತ ಮುಂಚೆ ದಾಖಲೆ ಹೊಂದಿದ್ದವರು ಇನ್ನೊಬ್ಬ ಡಿಫೆಂಡರ್ ವಿಕ್ತರ್ ಒನೊಪ್ಕೊ, 109 ಪಂದ್ಯಗಳು. ಬ್ಲೊಖಿನ್ ಕಾಲದಲ್ಲಿ ವರ್ಷಕ್ಕೆ ಆಡುತ್ತಿದ್ದ ಅಂತರರಾಷ್ಟ್ರೀಯ ಪಂದ್ಯಗಳು ಕಡಿಮೆ, ಆದ್ದರಿಂದ ನೇರ ಹೋಲಿಕೆ ನ್ಯಾಯವಲ್ಲ. ಒನೊಪ್ಕೊ ಜೊತೆಗಿನ ಹೋಲಿಕೆ ಹೆಚ್ಚು ಸೂಕ್ತ, ಮತ್ತು ಅವರು ತಮ್ಮ ಉತ್ತಮ ವರ್ಷಗಳನ್ನು ಸ್ಪೇನ್‌ನ ಒವಿಯೆಡೊ ಕ್ಲಬ್‌ನಲ್ಲಿ ಕಳೆದವರು ಎಂಬುದನ್ನೂ ಗಮನಿಸಿ. ಒನೊಪ್ಕೊ ಅವರನ್ನು ಒಂದು ಮೆಟ್ಟಿಲು ಮೇಲಿಡುವವರನ್ನು ನಾನು ತಪ್ಪೆನ್ನಲಾರೆ. ಆದರೆ 2008ರ ಯುರೋ ಕಪ್‌ನಲ್ಲಿ ಗುಸ್ ಹಿಡಿಂಕ್ ತರಬೇತುಗೊಳಿಸಿದ ರಷ್ಯಾ ನೆದರ್ಲೆಂಡ್ಸ್ ಅನ್ನು 3–1ರಿಂದ ಸೋಲಿಸಿ ಸೆಮಿಫೈನಲ್ ತಲುಪಿದಾಗ ಕೊಲೊದಿನ್ ಜೊತೆ ಹಿಂದೆ ನಿಂತಿದ್ದವರು ಇಗ್ನಾಶೆವಿಚ್. ಒನೊಪ್ಕೊ ಆಡಿದ ರಷ್ಯಾ ತಂಡಕ್ಕೆ ಅಷ್ಟು ದೂರ ಹೋಗುವ ಭಾಗ್ಯ ಬರಲಿಲ್ಲ. ನೀವು ಇಗ್ನಾಶೆವಿಚ್ ಅವರ ಆಟವನ್ನು ನೋಡಬೇಕೆಂದಿದ್ದರೆ 2018ರ ಬದಲು ಆ ನೆದರ್ಲೆಂಡ್ಸ್ ಪಂದ್ಯದಿಂದ ಆರಂಭಿಸಿ. ನಿವೃತ್ತಿಯ ಬಳಿಕ ತರಬೇತುದಾರರಾದ ಅವರು ಕಲಿನಿನ್‌ಗ್ರಾದ್‌ನ ಬಾಲ್ತಿಕಾ ತಂಡವನ್ನು 2023ರಲ್ಲಿ ರಷ್ಯಾದ ಪ್ರೀಮಿಯರ್ ಲೀಗ್‌ಗೆ ಏರಿಸಿದರು; ಮರುವರ್ಷವೇ ಆ ತಂಡ ಮತ್ತೆ ಕೆಳಗಿಳಿಯಿತು.